ಓದುವಕ್ಕನ ಹಸಿವು

"ಇದು ನಿಜವಾದ ಹಸಿವಾ, ಇಲ್ಲಾ ಬರೀ ಬೇಜಾರಾ?"

ಗಾಜಿನ ಆ ಕಡೆ, ಗೋಡೆಗೆಲ್ಲ ಮೆತ್ತೆ ಹೊದಿಸಿದ ಸಣ್ಣ ಕೋಣೆಯಲ್ಲಿ ಓದುವಕ್ಕ ಒಬ್ಬರೇ ಇದ್ದರು. ಪ್ರಶ್ನೆ ನನಗಲ್ಲ, ಮೈಕಿಗೂ ಅಲ್ಲ. ಓದುತ್ತಿದ್ದ ಸಾಲಿನ ಮೇಲೆ ಒಂದು ಬೆರಳು, ಹೊಟ್ಟೆಯ ಮೇಲೆ ಇನ್ನೊಂದು ಕೈ. ಪಕ್ಕದ ಮನೆಯಿಂದ ಯಾರೋ ಕರೆದ ಹಾಗಾಯಿತಲ್ಲ ಎಂದು ಕಿವಿಗೊಡುವವರಂತೆ ತಲೆ ವಾಲಿಸಿ ಕೂತಿದ್ದರು. ಹೆಡ್‌ಫೋನಿನಲ್ಲಿ ನನಗೆ ಅವರ ಉಸಿರು ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಬೇಜಾರೇ. ಈ ಅಧ್ಯಾಯದ ತಪ್ಪು, ನಂದಲ್ಲ" ಎಂದು ತಾವೇ ತೀರ್ಪು ಕೊಟ್ಟುಕೊಂಡು, ನಿಂತಿದ್ದ ವಾಕ್ಯವನ್ನು ಮತ್ತೆ ಮೊದಲಿನಿಂದ ಹಿಡಿದರು.

ನಮ್ಮದು ಪುಸ್ತಕಗಳನ್ನು ಧ್ವನಿಗೆ ಇಳಿಸುವ ಸ್ಟುಡಿಯೋ. ಕಣ್ಣು ಕಾಣದವರು, ದೂರದ ದಾರಿಗೆ ಲಾರಿ ಓಡಿಸುವವರು, ಹಾಸಿಗೆ ಹಿಡಿದವರು ನಮ್ಮ ಕೇಳುಗರು. ಓದುವುದು ಅಕ್ಕನ ಕೆಲಸ, ಅದನ್ನು ಹಿಡಿದಿಡುವುದು ನನ್ನದು. ಈ ಕೆಲಸದಲ್ಲಿ ಮಾತಾಡುವ ಪ್ರಮೇಯ ಕಡಿಮೆ, ನನಗೂ ಅದೇ ಹಿತ. ಅಜ್ಜಿ ಬಟ್ಟೆ ಮಡಿಸುತ್ತಾ ಹೇಳುತ್ತಿದ್ದ ಪದ್ಯಗಳನ್ನು ಕೇಳಿಯೇ ದೊಡ್ಡವನಾದವನು ನಾನು. ಬೆಳಿಗ್ಗೆ ರೆಕಾರ್ಡಿಂಗಿನ ಕೆಂಪು ದೀಪ ಹಾಕುವ ಮೊದಲು, ಕಿವಿ ಕೊಟ್ಟ ದೇವರನ್ನು ಒಮ್ಮೆ ನೆನೆದು ಕೂರುತ್ತೇನೆ.

ಮೈಕಿಗೆ ದಯೆ ದಾಕ್ಷಿಣ್ಯ ಇಲ್ಲ. ಎಂಜಲು ನುಂಗಿದ್ದು, ಒಣತುಟಿ ಬಿಡಿಸಿಕೊಂಡದ್ದು, ಎಲ್ಲವೂ ಅದಕ್ಕೆ ಬೇಕು. ನಾಲಗೆ ಅಂಟದಿರಲಿ ಎಂದು ಓದುವವರೆಲ್ಲ ಹುಳಿ ಹಸಿರು ಸೇಬಿನ ಒಂದು ಸೀಳನ್ನು ಜಗಿದು ಒಳಗೆ ಹೋಗುತ್ತಾರೆ. ಆದರೆ ಹೊಟ್ಟೆಗೆ ಮಾಡುವುದೇನು? ಬೇರೆಯವರಿಗೆ ‘ಹೊಟ್ಟೆ ತಾಳ ಹಾಕುವುದು’ ಒಂದು ಮಾತು, ನಮಗೆ ಕೆಟ್ಟುಹೋದ ಒಂದು ವಾಕ್ಯ. ಹೊಟ್ಟೆ ಗೊರ್ ಎಂದಾಗ ಉಳಿದ ಓದುವವರು ನಾಚಿ ಕೆಂಪಾಗುತ್ತಿದ್ದರು, ತಪ್ಪನ್ನು ಕುರ್ಚಿಯ ಮೇಲೆ ಹಾಕುತ್ತಿದ್ದರು. ಓದುವಕ್ಕ ಮಾತ್ರ ಪುಸ್ತಕ ಮಗುಚಿಟ್ಟು, "ಒಳಗಿನವರು ಕರೀತಿದಾರೆ, ಬಂದೆ" ಎಂದು ಎದ್ದು ಹೊರಗೆ ಬರುತ್ತಿದ್ದರು.

ಅವರು ತಿನ್ನುವುದನ್ನು ನೋಡಬೇಕು. ಕಿಟಕಿಯ ಪಕ್ಕದ ಮೇಜಿನಲ್ಲಿ ಡಬ್ಬಿ ಬಿಚ್ಚುವರು. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಹುರುಳಿಕಾಯಿ, ಯಾರದ್ದಾದರೂ ಹುಟ್ಟಿದ ದಿನವಾಗಿದ್ದರೆ ಕೇಕಿನ ಒಂದು ತುಂಡು. ಕೇಕನ್ನು ಕದ್ದವರ ಹಾಗೆ ತಿನ್ನುತ್ತಿರಲಿಲ್ಲ, ಆಲೂಗಡ್ಡೆಯನ್ನು ಔಷಧದ ಹಾಗೂ ತಿನ್ನುತ್ತಿರಲಿಲ್ಲ. ಎರಡಕ್ಕೂ ಒಂದೇ ಮರ್ಯಾದೆ. ತುತ್ತು ಬಾಯಲ್ಲಿರುವಾಗ ಪುಸ್ತಕ ಮುಟ್ಟುವವರಲ್ಲ, ಫೋನು ನೋಡುವವರಲ್ಲ. ಹಾಗೇ ತಿನ್ನುತ್ತಾ ತಿನ್ನುತ್ತಾ, ನಮಗೆ ಯಾರಿಗೂ ಕಾಣದ ಯಾವುದೋ ಒಂದು ಜಾಗದಲ್ಲಿ ನಿಲ್ಲಿಸಿ "ಸಾಕು" ಎನ್ನುವರು. ಒಮ್ಮೊಮ್ಮೆ ಡಬ್ಬಿಯಲ್ಲಿ ಒಂದೇ ತುತ್ತು ಉಳಿದಿರುತ್ತಿತ್ತು. ಅದನ್ನೂ ಮುಚ್ಚಿಡುವರು. ಒಮ್ಮೊಮ್ಮೆ ಡಬ್ಬಿ ಖಾಲಿಯಾದರೂ ಸಾಕಾಗದೆ ಎದುರಿನ ಅಂಗಡಿಯಿಂದ ಇನ್ನೊಂದು ಬ್ರೆಡ್ಡು ತರಿಸುವರು. ಪದ್ಯ ಬಲ್ಲವರಿಗೆ ಯತಿ ಎಲ್ಲಿ ಬೀಳುತ್ತದೆಂದು ಎಣಿಸಿ ನೋಡಬೇಕಾಗಿಲ್ಲವಲ್ಲ, ಉಸಿರೇ ಹೇಳುತ್ತದೆ. ಅಂಥ ಕಿವಿಯನ್ನು ಊಟದ ಮೇಜಿನಲ್ಲಿ ಕಂಡದ್ದು ನಾನು ಅದೇ ಮೊದಲು.

ಆ ಮೇಜಿನಲ್ಲಿ ಉಳಿದವರಿಗೆಲ್ಲ ಒಂದೊಂದು ಪಂಥ ಇತ್ತು. ನಮ್ಮ ಯಜಮಾನರು ಮಧ್ಯಾಹ್ನ ತಿರುಗುವವರೆಗೆ ನೀರು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಧ್ವನಿಯಲ್ಲಿನ ತಪ್ಪುಗಳನ್ನು ಕತ್ತರಿಸಿ ಜೋಡಿಸುವ ಹುಡುಗಿ ಸಕ್ಕರೆ ಬಿಟ್ಟಿದ್ದಳು. ಅವಳ ಕೆಲಸದಿಂದಲೂ ನಾಲಗೆಯಿಂದಲೂ ಅವಳಿಗೆ ‘ಕತ್ತರಿ’ ಎಂದೇ ಹೆಸರು.

"ಅಕ್ಕ, ನೀವು ಯಾವ ಕಡೆಯೋರು ಅಂತ ಇನ್ನೂ ಹೇಳ್ಲೇ ಇಲ್ಲ" ಎಂದು ಕತ್ತರಿ ಒಂದು ದಿನ ಶುರುಮಾಡಿದಳು.

"ಯಾವ ಕಡೆ ಅಂದ್ರೆ?"

"ಧಾನ್ಯ ಬಿಟ್ಟೋರಾ, ಸಕ್ಕರೆ ಬಿಟ್ಟೋರಾ, ಗಡಿಯಾರ ನೋಡ್ಕೊಂಡು ತಿನ್ನೋರಾ? ಏನಾದ್ರೂ ಒಂದು ಹೆಸರು ಬೇಕಲ್ಲ."

"ಹಸಿವಾದ್ರೆ ತಿನ್ನೋರು."

"ಅದಕ್ಕೆ ಹೆಸರಿಲ್ಲ."

"ಇಲ್ದಿದ್ರೆ ಬಿಡು. ನಾಮಕರಣ ಮಾಡೋಕೆ ಅದೇನು ಕೂಸಾ?"

ಯಜಮಾನರು ನೀರಿನ ಲೋಟ ಕೆಳಗಿಟ್ಟರು. "ತಿನ್ನೋರ ಕಡೆ ಅಂತ ನಿಮ್ಮ ಮೈ ನೋಡಿದ್ರೇ ಗೊತ್ತಾಗತ್ತೆ."

"ಹಸಿದೋರ ಕಡೆ ಅಂತ ನಿಮ್ಮ ಮುಖ ನೋಡಿದ್ರೂ ಗೊತ್ತಾಗತ್ತೆ. ಹನ್ನೊಂದು ಗಂಟೆ ಆದ್ರೆ ಸಾಕು, ಬಾಗಿಲ ಮೇಲೂ ರೇಗ್ತೀರಿ."

ಯಜಮಾನರಿಗೇ ನಗು ಬಂತು. ಅಕ್ಕನ ಮಾತು ಹಾಗೆ, ಚುಚ್ಚಿದರೂ ಗಾಯವಾಗುತ್ತಿರಲಿಲ್ಲ. ಕತ್ತರಿಯ ಸಕ್ಕರೆಯ ಬಗ್ಗೆ ಅವರು ಒಂದು ದಿನವೂ ಹಗುರವಾಗಿ ಆಡಿದವರಲ್ಲ. "ನಿಂಗದು ಹಿಡಿಸಿದೆ ಕಣೆ, ಮುಖದಲ್ಲಿ ಕಳೆ ಬಂದಿದೆ" ಎನ್ನುತ್ತಿದ್ದರು. ಬೇರೆಯವರ ತಟ್ಟೆಗೆ ಕೈ ಹಾಕದ ಹಾಗೆ ಬೇರೆಯವರ ಪಂಥಕ್ಕೂ ಕೈ ಹಾಕುತ್ತಿರಲಿಲ್ಲ.

ಹಸಿವನ್ನು ಕೇಳುವ ಈ ಕಿವಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಒಮ್ಮೆ ಕರೆಂಟು ಹೋಗಿ ಇಬ್ಬರೂ ಸುಮ್ಮನೆ ಕೂತಿದ್ದಾಗ ಹೇಳಿದರು. "ವಯಸ್ಸಿನಲ್ಲಿ ನಾನು ಮಾಡದ ಪಥ್ಯ ಇಲ್ಲಪ್ಪ. ಒಬ್ಬರು ಹಣ್ಣು ಅಂದ್ರೆ ಹಣ್ಣು, ಇನ್ನೊಬ್ಬರು ಹಣ್ಣು ಬೇಡ ಅಂದ್ರೆ ಬೇಡ. ಕೊನೆಗೆ ಏನಾಯ್ತು ಗೊತ್ತಾ, ಹಸಿವು ಆಗೋದೇ ನಿಂತೋಯ್ತು. ನಾನು ಗೆದ್ದೆ ಅಂದ್ಕೊಂಡೆ. ಕೂದಲು ಉದುರ್ತು, ನಿಂತಲ್ಲಿ ತಲೆ ಸುತ್ತೋದು, ನಾಲ್ಕು ಸಾಲು ಓದಿದ್ರೆ ದನಿ ಒಡೆಯೋದು. ಎಷ್ಟು ಸಲ ಕರೆದ್ರೂ ಓಗೊಡದಿದ್ರೆ ಯಾರು ಕರೀತಾರೆ ಹೇಳು? ಮುನಿಸಿಕೊಂಡು ಹೋಯ್ತು. ಅದನ್ನ ವಾಪಸ್ ಕರ್ಕೊಂಡು ಬರೋಕೆ ಎಷ್ಟು ವರ್ಷ ಬೇಕಾಯ್ತೋ." ಅತ್ತೆಮನೆಯಿಂದ ಮಗಳನ್ನು ಕರೆತಂದ ಕಥೆಯ ಹಾಗೆ ಹೇಳಿದರು. ಕರೆಂಟು ಬಂತು, ಅವರು ಒಳಗೆ ಹೋದರು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾನು ಎಷ್ಟು ಸಲ ಕೇಳಿದ್ದೆನೋ. ಅದನ್ನು ಒಂದೊಂದೇ ತುತ್ತಿನಲ್ಲಿ ಹೊಸದಾಗಿ ಕಲಿತವರನ್ನು ನೋಡಿರಲಿಲ್ಲ.

ಅಕ್ಕನಿಗೆ ಒಂದೇ ಒಂದು ಆಸೆ ಇತ್ತು. ಅವರಪ್ಪ ಕ್ಷೌರದ ಅಂಗಡಿ ಇಟ್ಟಿದ್ದವರು. ಅವರಿಗೆ ಒಂದು ಹಳೆಯ ದೊಡ್ಡ ಕಾವ್ಯ ಬಾಯಿಪಾಠ ಬರುತ್ತಿತ್ತು. ಕೈಯಲ್ಲಿನ ಕತ್ತರಿಯ ಕಿಚಕಿಚ ಸದ್ದೇ ಅದಕ್ಕೆ ತಾಳ. ಗಿರಾಕಿಗಳು ಕೂದಲು ಕತ್ತರಿಸಿ ಮುಗಿದ ಮೇಲೂ ಬೆಂಚಿನ ಮೇಲೆ ಕೂತು ಕೇಳುತ್ತಿದ್ದರಂತೆ. ಆ ಧಾಟಿ ಈಗ ಉಳಿದಿರುವುದು ಅಕ್ಕನ ಗಂಟಲಲ್ಲಿ ಮಾತ್ರ. ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಅದೇ ಧಾಟಿಯಲ್ಲಿ ರೆಕಾರ್ಡ್ ಮಾಡಬೇಕು, ದನಿಗೆ ವಯಸ್ಸಾಗುವುದರೊಳಗೆ. ಯಜಮಾನರನ್ನು ಕೇಳಿಕೊಂಡಾಗಲೆಲ್ಲ, "ತಿಂಗಳುಗಟ್ಟಲೆ ಕೋಣೆ ಬಿಟ್ಟುಕೊಡಬೇಕು, ಕೇಳೋರು ಯಾರಮ್ಮ" ಎಂಬುದೇ ಉತ್ತರ.

ಅಂಥದ್ದರಲ್ಲಿ ಒಬ್ಬ ಲೇಖಕರು ಬಂದರು. ತೆಳ್ಳನೆಯ, ಮೆತ್ತಗೆ ಮಾತಾಡುವ ಮನುಷ್ಯ. ವರ್ಷಾನುಗಟ್ಟಲೆ ಹಾಸಿಗೆ ಹಿಡಿದಿದ್ದವರು ತಾವೇ ಒಂದು ಊಟದ ಪದ್ಧತಿ ಕಂಡುಕೊಂಡು ಎದ್ದು ಓಡಾಡಿದ್ದರು. ಅದನ್ನು ಪುಸ್ತಕ ಮಾಡಿದ್ದರು. ‘ಹಸಿವು ಎಂಬುದು ದೇಹ ಹೇಳುವ ಸುಳ್ಳು, ಹೊತ್ತು ಹೇಳುವುದೇ ನಿಜ’ ಎಂಬುದು ಅದರ ಸಾರ. ಅವರ ಹಿಂದೆ ಅದೇ ಪದ್ಧತಿ ಹಿಡಿದವರ ದೊಡ್ಡ ಬಳಗವೇ ಇತ್ತು. ಪುಸ್ತಕವನ್ನು ಓದುವಕ್ಕನೇ ಓದಬೇಕು, ಚೆನ್ನಾಗಿ ಬಂದರೆ ಆ ದೊಡ್ಡ ಕಾವ್ಯದ ಖರ್ಚನ್ನೆಲ್ಲ ಬಳಗವೇ ಹೊರುತ್ತದೆ ಎಂದರು. ಯಜಮಾನರು ಆಗಲೆಂದರು. ಅಕ್ಕ ಪುಸ್ತಕ ಕೈಗೆ ತೆಗೆದುಕೊಂಡು ಒಂದೆರಡು ಹಾಳೆ ತಿರುವಿದರು. ಆಮೇಲೆ, "ಕಳ್ಳನ ಕಥೆ ಓದಿದೀನಿ, ಇದನ್ನ ಓದೋಕೇನು" ಎಂದರು.

ಇಲ್ಲಿ ಸದ್ದಿಗೆ ಹೆದರುವ ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪೊಂದು ನಡೆಯಿತು. ಲೇಖಕರಿಗೆ ಹೊಟ್ಟೆಯ ಸದ್ದಿನ ವಿಷಯ ಹೇಳಿದಾಗ ಅವರೂ ಯಜಮಾನರೂ ಒಂದೇ ಮಾತಿಗೆ ಬಂದರು: ತಿಂದದ್ದಕ್ಕೇ ಹೊಟ್ಟೆ ಸದ್ದು ಮಾಡುವುದು, ತಿನ್ನದಿದ್ದರೆ ಸದ್ದೆಲ್ಲಿಂದ? ಈ ಪುಸ್ತಕ ಮುಗಿಯುವವರೆಗೆ ಅಕ್ಕ ಇದೇ ಪದ್ಧತಿ ಹಿಡಿಯಲಿ, ಬೆಳಗಿನ ಹೊತ್ತು ಏನೂ ಬೇಡ. ಕಾವ್ಯದ ಮೇಲಿನ ಆಸೆಗೆ ಅಕ್ಕ ಒಪ್ಪಿದರು.

ಮರುದಿನ ಬೆಳಿಗ್ಗೆ ಕೋಣೆಯೊಳಗೆ ಗುಡುಗು. ‘ಹಸಿವು ಒಂದು ಭ್ರಮೆ’ ಎಂದು ಅಕ್ಕ ಓದಿದರೆ ಹೊಟ್ಟೆ ಅಲ್ಲೇ ಎದುರುತ್ತರ ಕೊಡುತ್ತಿತ್ತು. ಕತ್ತರಿ ತಲೆ ಹಿಡಿದುಕೊಂಡಳು.

"ಅಕ್ಕ, ಇದು ಅಧ್ಯಾಯನಾ, ಮಳೆಗಾಲನಾ? ಎಲ್ಲಿ ಅಂತ ಕತ್ತರಿಸಲಿ?"

"ನನ್ನ ಕೇಳ್ಬೇಡ, ಅವರನ್ನೇ ಕೇಳು" ಎಂದು ಅಕ್ಕ ಹೊಟ್ಟೆ ತೋರಿಸಿದರು. ನಗಲು ನೋಡಿದರು, ದನಿಯಲ್ಲಿ ಕಸುವಿರಲಿಲ್ಲ.

ಯಜಮಾನರ ಸೂಚನೆಯಂತೆ ನಾನು ತಗ್ಗಿನ ಸದ್ದುಗಳನ್ನು ಸೋಸಿ ತೆಗೆಯುವ ಗುಂಡಿ ತಿರುಗಿಸಿದೆ. ಗುಡುಗು ಹೋಯಿತು. ಅದರ ಜೊತೆಗೇ ಅಕ್ಕನ ದನಿಯ ಅಡಿಪಾಯವೂ ಹೋಯಿತು. ಉಳಿದದ್ದು ತಗಡಿನ ಡಬ್ಬಿಯಲ್ಲಿ ಯಾರೋ ಮಾತಾಡಿದ ಹಾಗೆ. ಕೆಲವು ದಿನ ಹೀಗೇ ನಡೆಯಿತು. ಅಕ್ಕ ವಾಕ್ಯದ ಕೊನೆಯನ್ನು ನುಂಗತೊಡಗಿದರು, ಒಂದು ಸಲ ಮೇಜು ಹಿಡಿದು ಎದ್ದರು. ಆ ದಿನ ನಾನು ಹೆಡ್‌ಫೋನನ್ನು ಅವರ ಕಿವಿಗೆ ಕೊಟ್ಟು, "ಕೇಳಿ ಅಕ್ಕ. ಇದು ನೀವಲ್ಲ" ಎಂದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು, ಹೆಡ್‌ಫೋನನ್ನು ನನ್ನ ಕೈಗಿಟ್ಟು ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಬಂದವರೇ ಕಿಟಕಿಯ ಪಕ್ಕ ಕೂತು ಡಬ್ಬಿ ಬಿಚ್ಚಿದರು. ಒಂದು ಆಲೂಗಡ್ಡೆ, ಅದರ ಮೇಲೆ ಅರ್ಧ. ಮುಚ್ಚುಮರೆ ಇಲ್ಲ, ಅವಸರವೂ ಇಲ್ಲ. "ಸಾಕು" ಎಂದರು, ಕೈ ತೊಳೆದು ಒಳಗೆ ಹೋದರು. ಸೋಸುವ ಗುಂಡಿಯನ್ನು ನಾನು ಮೊದಲಿನ ಜಾಗಕ್ಕೆ ತಂದೆ. ಆಮೇಲೆ ಹೊಟ್ಟೆಯ ಸೊಲ್ಲೇ ಇಲ್ಲ. ದನಿ ನೆಲಕ್ಕೆ ಕಾಲೂರಿ ನಿಂತಿತ್ತು. ದಿನವೂ ಹಾಗೆ ತಿಂದು ಓದಿದರು. ಹಾಳಾದ ಅಧ್ಯಾಯಗಳನ್ನೆಲ್ಲ ಮತ್ತೆ ಓದಿದರು. ತಾವು ಒಪ್ಪದ ಮಾತನ್ನೂ ಒಂದಿಷ್ಟೂ ಕೊಂಕಿಲ್ಲದೆ, ಬರೆದವರ ನೋವು ಗೊತ್ತಾಗುವ ಹಾಗೆ ಓದಿದರು. ಹಾಸಿಗೆ ಹಿಡಿದ ದಿನಗಳ ಅಧ್ಯಾಯಕ್ಕೆ ಕತ್ತರಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ.

ಕೊನೆಯ ದಿನ ಒಳಗೂ ಹೊರಗೂ ಮಾತು ಕೇಳುವಂತೆ ಸ್ಪೀಕರು ಹಾಕಿದ್ದೆ. ಲೇಖಕರು ಬಂದು ನನ್ನ ಪಕ್ಕ ಕೂತು ಕೇಳಿದರು. ಮುಖ ಅರಳಿತು.

"ನೋಡಿದಿರಾ, ಒಂದು ಸದ್ದಿಲ್ಲ. ಪದ್ಧತಿ ಹಿಡೀತು."

ಗಾಜಿನ ಆಚೆಯಿಂದ ಅಕ್ಕ ಅಂದರು, "ಇಲ್ಲ ಸ್ವಾಮಿ. ನಾನು ಬೆಳಿಗ್ಗೆ ತಿಂದು ಬಂದಿದೀನಿ. ನಿನ್ನೆನೂ ತಿಂದಿದ್ದೆ."

ಲೇಖಕರು ಮೆತ್ತಗೆ ನಕ್ಕರು. "ಶುರುವಿನಲ್ಲಿ ಎಲ್ಲರೂ ತಪ್ತಾರೆ, ಪರವಾಗಿಲ್ಲ. ಕೊನೇಲಿ ಒಂದೇ ಮಾತು ಸೇರಿಸಿಬಿಡಿ, ನಿಮ್ಮ ಮಾತಾಗಿ. ‘ಇದನ್ನು ಓದಿದ ನಾನೂ ಇದೇ ಪದ್ಧತಿಯವಳಾದೆ. ಈಗ ನನಗೆ ಹಸಿವಾಗುವುದಿಲ್ಲ.’ ಅಷ್ಟೇ. ನಿಮ್ಮ ದನಿಯನ್ನ ಜನ ನಂಬ್ತಾರೆ."

"ಅದಕ್ಕೇ ಯೋಚನೆ."

ಯಜಮಾನರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ಅಕ್ಕ, ಕಾವ್ಯಕ್ಕೆ ಕೋಣೆ ತೆಗೆದಿಟ್ಟಾಗಿದೆ. ಸೋಮವಾರ ಶುರು ಮಾಡ್ಬಹುದು. ಒಂದು ಉಸಿರಿನ ಮಾತು."

"ಕಥೆಗಳಲ್ಲಿ ಎಷ್ಟು ರಾಜರ ಸುಳ್ಳು ಓದಿಲ್ಲ ಅಕ್ಕ ನೀವು" ಎಂದಳು ಕತ್ತರಿ. ಅವಳಿಗೂ ಆ ಕಾವ್ಯ ಬೇಕಿತ್ತು. "ಇದೂ ಒಂದು ಪಾತ್ರ ಅಂದ್ಕೊಳ್ಳಿ."

"ಅಲ್ಲಿ ‘ನಾನು’ ಅಂದ್ರೆ ನಾನಲ್ಲ ಅಂತ ಕೇಳೋರಿಗೂ ಗೊತ್ತಿರತ್ತೆ ಕಣೆ. ಇಲ್ಲಿ ಯಾವಳೋ ಒಬ್ಬಳು ಕೇಳಿ, ಅಕ್ಕನಿಗೇ ಹಸಿವಾಗಲ್ವಂತೆ ನಂಗ್ಯಾಕಾಗತ್ತೆ ಅಂತ ಬಾಯಿ ಕಟ್ಟಿ ಕೂತ್ರೆ?"

ಲೇಖಕರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. "ನಾನು ಬಲವಂತ ಮಾಡಲ್ಲಮ್ಮ. ಆದರೆ ಆ ಮಾತಿಲ್ಲದೆ ನಮ್ಮ ಬಳಗದವರು ಕಾವ್ಯಕ್ಕೆ ಒಪ್ಪಲ್ಲ. ಇದು ನಿಮಗೆ ಗೊತ್ತಿರಲಿ."

"ಗೊತ್ತಾಯ್ತು."

ಅಕ್ಕ ತಲೆ ತಗ್ಗಿಸಿದರು. ಅವರ ತುಟಿ ಅಲುಗಿತು. ಮೈಕಿಗೂ ಸಿಗದಷ್ಟು ಮೆಲ್ಲಗೆ, ಆದರೂ ಆ ಅಲುಗಾಟದ ಲಯ ನನಗೆ ತಿಳಿಯಿತು. ಅದು ಪುಸ್ತಕದ ಗದ್ಯವಲ್ಲ, ಪದ್ಯ. ಯಾವ ಪದ್ಯವೋ, ಎಷ್ಟು ಸಾಲೋ. ಅಕ್ಕ ತಲೆ ತಗ್ಗಿಸಿದ್ದನ್ನು ಯಜಮಾನರು ಒಪ್ಪಿಗೆ ಎಂದುಕೊಂಡು ನನಗೆ ಸನ್ನೆ ಮಾಡಿದರು. ನಾನು ಮನಸ್ಸಿನಲ್ಲೇ ದೇವರನ್ನು ನೆನೆದು ಕೆಂಪು ದೀಪ ಹಾಕಿದೆ.

"ಹೇಳಿ ಅಕ್ಕ, ನಡೀತಿದೆ" ಎಂದರು ಯಜಮಾನರು.

ಹೆಡ್‌ಫೋನಿನಲ್ಲಿ ಒಂದು ತುಂಬು ಉಸಿರು ಕೇಳಿತು.

"ಹೇಳಲ್ಲ" ಎಂದರು ಓದುವಕ್ಕ.