ಸಿಡಿಲಿಗೆ ಮುಂಚೆ

ಕಾಫಿ ತೋಟದ ಲೈನಿನ ಹನ್ನೊಂದು ಮನೆಗಳಲ್ಲಿ ಆರರ ಹೆಂಚು ಆಗಲೇ ಇಳಿಸಿದ್ದರು. ಅಣ್ಣಮ್ಮನದು ಏಳನೆಯದು. ಪಕ್ಕದ ಮನೆಯ ಗೋಡೆ ಕೆಡವುವಾಗ ಅವಳ ಒಲೆಯ ಮೇಲೆ ಮಣ್ಣು ಬಿದ್ದಿತ್ತು. ಅದನ್ನು ಬಳಿದು ತೆಗೆದು ಅದೇ ಒಲೆಯಲ್ಲಿ ಗಂಜಿ ಕಾಯಿಸುತ್ತಿದ್ದಳು. ಆಳುಗಳ ಲೈನು ಕೆಡವಿ ಹೋಂಸ್ಟೇ ಕಟ್ಟುವುದು ಎಸ್ಟೇಟ್ ಮಾಲೀಕ ಪ್ರಶಾಂತ್ ಅವರ ಯೋಚನೆ. ಅದರ ಬೋರ್ಡನ್ನೂ ತಂದು ಬೇಲಿಗೆ ಒರಗಿಸಿಟ್ಟಿದ್ದರು.

ಖಾಯಂ ಆಳು ಅಂತ ತೋರಿಸಿದರೆ ಅಣ್ಣಮ್ಮನ ಮನೆ ಉಳಿಯುತ್ತಿತ್ತು. ಗುರುವಾರ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ವಿಚಾರಣೆ ಇತ್ತು. ಇಪ್ಪತ್ತಾರು ವರ್ಷ ಈ ತೋಟದಲ್ಲಿ ದುಡಿದವಳಿಗೆ ಗುರುತಿನ ಚೀಟಿ ಕೊಟ್ಟಿರಲಿಲ್ಲ, ಪಿಎಫ್ ಕಟ್ಟಿರಲಿಲ್ಲ. ಇದ್ದ ಪುರಾವೆ ಒಂದೇ, ಎಸ್ಟೇಟ್ ಆಫೀಸಿನ ಕಂಪ್ಯೂಟರಿನಲ್ಲಿದ್ದ ಹಾಜರಿ. ಆ ಹಾಜರಿ ತುಂಬುವವಳು ನಾನು.

ಅದಕ್ಕೆ ಮುಂಚಿನ ಹಾಜರಿ ಪುಸ್ತಕಗಳನ್ನು ಸುಟ್ಟವಳೂ ನಾನೇ.

ಮೂರು ವರ್ಷದ ಹಿಂದೆ ಹಾಜರಿ ಪ್ರೋಗ್ರಾಮು ಬಂತು. ನಾಲ್ಕು ತಿಂಗಳು ಕೂತು ಹಳೆ ಪುಸ್ತಕದ ಒಂದೊಂದು ಸಾಲನ್ನೂ ಟೈಪ್ ಮಾಡಿದೆ. ತಪ್ಪಾಗಿರಬಹುದು ಅಂತ ಎರಡೆರಡು ಸಲ ನೋಡಿದೆ. ಆಮೇಲೆ ಪ್ರಶಾಂತ್ ಸರ್ ಹೇಳಿದರು, "ಗೆದ್ದಲು ಹಿಡಿದಿದೆ, ಹಂಡೆ ಒಲೆಗೆ ಹಾಕಿಬಿಡು." ಹೊತ್ತುಕೊಂಡು ಹೋಗುವಾಗ ಅಣ್ಣಮ್ಮ ಅಡ್ಡ ನಿಂತಿದ್ದಳು.

"ಎಂತಕ್ಕೆ ಸುಡ್ತೀ ಮಾರಾಯ್ತಿ? ಅದರಾಗೆ ನನ್ನ ಹೆಬ್ಬೆಟ್ಟು ಉಂಟು."

"ಇನ್ಮೇಲೆ ಎಲ್ಲ ಕಂಪ್ಯೂಟರ್‌ನಲ್ಲಿ ಭದ್ರ ಅಣ್ಣಮ್ಮಕ್ಕ. ಗೆದ್ದಲು ಹಿಡಿಯಲ್ಲ, ಮಳೆಗೆ ನೆನೆಯಲ್ಲ."

"ಓದಿದೋಳು ನೀನು. ನೀ ಹೇಳಿದ್ರೆ ಸರಿ ಬಿಡು" ಅಂದಳು.

ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಡೋಣವೇ ಅಂತ ಸರ್ ಅವರನ್ನು ಕೇಳಿದ್ದೆ. ಎಸ್ಟೇಟಿನ ವಿಷಯ ಹೊರಗೆ ಹೋಗಬಾರದು ಅಂದರು. ಮತ್ತೆ ಕೇಳುವ ಧೈರ್ಯ ಆಗಲಿಲ್ಲ.

ವಿಚಾರಣೆಯ ಹಿಂದಿನ ಶನಿವಾರ ಸಂಜೆ ಆರಕ್ಕೆ ಗುಡುಗು ಶುರುವಾಯಿತು. ಆಫೀಸಿನ ಹಿಂದಿನ ಸಿಲ್ವರ್ ಓಕ್ ಮರಕ್ಕೇ ಸಿಡಿಲು ಬಡಿಯಿತು. ನಾನು ಎರಡು ಗಂಟೆಗೇ ಕೊಟ್ಟಿಗೆಹಾರದ ನನ್ನ ಮನೆಗೆ ಹೊರಟು ಹೋಗಿದ್ದೆ.

ಸೋಮವಾರ ಕಂಪ್ಯೂಟರ್ ಹಾಕಿದರೆ ನೀಲಿ ಪರದೆ ಬಂತು, ಆಮೇಲೆ ಕಪ್ಪಾಯಿತು. ನಾಲ್ಕನೇ ಸಲಕ್ಕೆ ಹೇಗೋ ಎದ್ದಿತು. ಹಾಜರಿ ಪ್ರೋಗ್ರಾಮಿನ ಚಿತ್ರ ಇದ್ದ ಜಾಗದಲ್ಲಿ ಬರೀ ಬಿಳಿ ಚೌಕ. ಒತ್ತಿದರೆ ಫೈಲ್ ಸಿಗುತ್ತಿಲ್ಲ ಅಂದಿತು. ಫೋಲ್ಡರ್ ಹುಡುಕಿದೆ. ಫೋಲ್ಡರೇ ಇರಲಿಲ್ಲ. ರೀಸೈಕಲ್ ಬಿನ್ ನೋಡಿದೆ. ಅದೂ ಖಾಲಿ.

ಪ್ರಶಾಂತ್ ಸರ್ ಬಾಗಿಲಲ್ಲಿ ನಿಂತಿದ್ದರು.

"ಗುಡುಗೋ ಕಾಲ. ಪ್ಲಗ್ ತೆಗೆದು ಹೋಗಿದ್ಯಾ ಭುವನಾ?"

"ತೆಗ್ದಿದ್ದೆ ಸರ್. ತೆಗ್ದಿದ್ದೆ ಅನ್ಸತ್ತೆ."

"ಅನ್ಸತ್ತೆ?"

ಬಗ್ಗಿ ನೋಡಿದೆ. ಬೆಳಿಗ್ಗೆ ಬಂದಾಗ ನಾನು ಬರೀ ಸ್ವಿಚ್ ಒತ್ತಿದ್ದೆ, ಪ್ಲಗ್ ಮುಟ್ಟಿರಲಿಲ್ಲ. ಅದು ಮೊದಲೇ ಗೋಡೆಯಲ್ಲಿತ್ತು. ದಿನಾ ತೆಗೆಯುವವಳು ನಾನು. ಆ ಒಂದು ದಿನ ಮರೆತೆನೆ? ಎಷ್ಟು ನೆನೆದರೂ ನೆನಪು ಬರಲಿಲ್ಲ.

"ಹೋಗ್ಲಿ ಬಿಡು, ಟೆನ್ಷನ್ ಮಾಡ್ಕೋಬೇಡ" ಅಂದರು. ದನಿ ಮೆತ್ತಗಿತ್ತು. "ಬೀರುವಲ್ಲಿ ಪ್ರೋಗ್ರಾಮಿನ ಸಿಡಿ ಇದೆ. ಹಾಕು. ಇವತ್ತೇ ಸರಿ ಆಗ್ಬೇಕು."

ಹಾಕಿದೆ. ಪ್ರೋಗ್ರಾಮು ಬಂತು, ಹೆಸರುಗಳು ಬರಲಿಲ್ಲ. ಮತ್ತೆ ಹಾಕಿದೆ. ಹಾಜರಿ ತೆಗೆದುಕೊಳ್ಳುತ್ತದೆಯೇ ನೋಡಲು ಸುಳ್ಳು ಹೆಸರು ತುಂಬಿದೆ, ಅಳಿಸಿದೆ. ಮೂರನೇ ಸಲ ಹಾಕಿದೆ. ಸಂಜೆಯವರೆಗೂ ಊಟ ಮಾಡಲಿಲ್ಲ.

ಮಂಗಳವಾರ ರಜೆ ಬರೆದಿಟ್ಟು, ಕಂಪ್ಯೂಟರಿನ ಡಬ್ಬವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಚಿಕ್ಕಮಗಳೂರಿನ ಬಸ್ಸು ಹತ್ತಿದೆ. ಸರ್‌ಗೆ ಹೇಳಲಿಲ್ಲ. ಮೂಡಿಗೆರೆಯ ಸಂಜೆ ತರಗತಿಯಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಓಂಕಾರಮೂರ್ತಿ ಮೇಷ್ಟ್ರು ಈಗ ಅಲ್ಲಿ ರಿಪೇರಿ ಅಂಗಡಿ ಇಟ್ಟಿದ್ದರು.

ಅವರು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರು. ಮೂರು ಗಂಟೆ ಹೊತ್ತು ಅದರೊಳಗೆ ಹುಡುಕಿದರು. ನಾನು ಸ್ಟೂಲಿನ ತುದಿಯಲ್ಲಿ ಕೂತಿದ್ದೆ.

"ಸಿಡಿಲು ಹೊಡೆದದ್ದು ಎಷ್ಟು ಗಂಟೆಗೆ ಅಂದ್ಯಮ್ಮಾ?"

"ಆರಕ್ಕೆ ಸರ್."

"ಇದನ್ನ ಅಳಿಸಿದ್ದು ಶನಿವಾರ ನಾಲ್ಕು ಹತ್ತಕ್ಕೆ. ಯಾರೋ ಕೂತು, ಆರಿಸಿ, ಅಳಿಸಿದಾರೆ. ಆಮೇಲೆ ಬಿನ್ನೂ ಖಾಲಿ ಮಾಡಿದಾರೆ. ಆ ಗುರುತು ಇಲ್ಲಿ ಉಳಿದಿದೆ. ಸಿಡಿಲಿಗೂ ಇದಕ್ಕೂ ಸಂಬಂಧ ಇಲ್ಲ."

ಎದೆ ಹಗುರಾಯಿತು. ಹಾಗಾದರೆ ನಾನು ಪ್ಲಗ್ ತೆಗೆದೇ ಹೋಗಿರಬೇಕು. ನಾನು ಹೋದ ಮೇಲೆ ಯಾರೋ ಮತ್ತೆ ಸಿಕ್ಕಿಸಿರಬೇಕು. ನನ್ನ ಬಿಟ್ಟರೆ ಆಫೀಸಿನ ಕೀಲಿ ಇರುವುದು ಒಬ್ಬರ ಹತ್ತಿರ ಮಾತ್ರ.

"ವಾಪಸ್ ತೆಗೀಬಹುದಲ್ವಾ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು.

"ಅಳಿಸಿದ ಕೂಡಲೇ ಏನೂ ಹೋಗಲ್ಲ ಭುವನಾ. ಆ ಜಾಗದ ಮೇಲೆ ಹೊಸದು ಕೂತಾಗ ಹೋಗ್ತದೆ. ಸೋಮವಾರ ಮೂರು ಸಲ ಪ್ರೋಗ್ರಾಮ್ ಹಾಕಿದೀಯ. ಮುಟ್ಟದೆ ತಂದಿದ್ರೆ ಪೂರ್ತಿ ತೆಗೆದು ಕೊಡ್ತಿದ್ದೆ. ಫೈಲ್ ಕಳೆದಾಗ ಮೊದಲು ಕೈ ಹಿಂದೆ ತಗೋಬೇಕು ಅಂತ ಕ್ಲಾಸಲ್ಲಿ ಹೇಳಿರ್ಲಿಲ್ವಾ?"

ಹೇಳಿರಬೇಕು. ತರಗತಿ ಏಳೂವರೆಗೆ ಮುಗಿಯುತ್ತಿತ್ತು. ಕೊಟ್ಟಿಗೆಹಾರದ ಕೊನೆ ಬಸ್ಸು ಏಳಕ್ಕೆ ಹೊರಡುತ್ತಿತ್ತು. ವರ್ಷವಿಡೀ ಕೊನೆಯ ಅರ್ಧ ಗಂಟೆಯ ಪಾಠ ನಾನು ಕೇಳಲೇ ಇಲ್ಲ.

ಉಳಿದದ್ದು ಚೂರುಪಾರು. ಹೆಸರಿಲ್ಲದ ತಾರೀಖುಗಳು. ತಾರೀಖಿಲ್ಲದ ಅರ್ಧ ಹೆಸರುಗಳು. ಒಂದು ಕಡೆ "ಅಣ್ಣ" ಅಂತ ಇತ್ತು, ಮುಂದೆ ಚೌಕಗಳು. ಅಳಿಸಿದ ಹೊತ್ತನ್ನು ಮೇಷ್ಟ್ರು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟರು.

ಗುರುವಾರ ಬೆಳಿಗ್ಗೆ ವಿಚಾರಣೆಗೆ ಹೊರಡುವ ಮುಂಚೆ ಪ್ರಶಾಂತ್ ಸರ್ ಒಂದು ಕಾಗದ ಮುಂದೆ ತಳ್ಳಿದರು. ಸಿಡಿಲಿನಿಂದ ದಾಖಲೆ ನಾಶವಾಗಿದೆ ಅಂತ ಬರೆದಿತ್ತು. ನನ್ನ ಸಹಿ ಬೇಕಾಗಿತ್ತು.

"ಹಾಕಲ್ಲ ಸರ್" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು.

ವಿಚಾರಣೆಯಲ್ಲಿ ಅಣ್ಣಮ್ಮ ತೋಟವನ್ನೇ ಹೇಳಿದಳು. "ಹಳ್ಳದ ಬ್ಲಾಕಿನ ಸಿಲ್ವರ್ ಸಸಿ ನೆಟ್ಟಿದ್ದು ನಾನು. ದೊಡ್ಡ ಮಗಳು ಹೊಟ್ಟೇಲಿದ್ಲು. ಈಗ ಆ ಮರ ಇಬ್ರು ತಬ್ಬಿದ್ರೂ ಸಿಕ್ಕಲ್ಲ ಸ್ವಾಮಿ. ಬಂದು ನೋಡಿ."

"ಮರ ದಾಖಲೆ ಆಗಲ್ಲಮ್ಮ" ಅಂದರು ಅಧಿಕಾರಿ.

ನಾನು ಎದ್ದು ನಾಲ್ಕು ಹತ್ತರ ವಿಷಯ ಹೇಳಿದೆ. ಮೇಷ್ಟ್ರ ಹಾಳೆ ಕೊಟ್ಟೆ.

ಪ್ರಶಾಂತ್ ಸರ್ ಮುಗುಳ್ನಕ್ಕರು. "ಕಂಪ್ಯೂಟರ್ ಕೆಲಸದವಳು ಇವಳೊಬ್ಬಳೇ ಸರ್. ಕೇಳದೆ ಅದನ್ನ ಹೊರಗೆ ಹೊತ್ಕೊಂಡು ಹೋಗಿದಾಳೆ. ಅದರ ಮೇಲೆ ಬೇರೆ ಹಾಕಿ ಅಳಿಸಿದ್ದೂ ಇವಳೇ."

ಅಧಿಕಾರಿ ನನ್ನ ಕಡೆ ತಿರುಗಿದರು. "ಮೂರು ಸಲ ಹಾಕಿದ್ದು ನೀವೇನಾ?"

"ಅವರೇ ಹಾಕು ಅಂದ್ರು ಸರ್..."

"ಹಾಕಿದ್ದು ನೀವೇನಾ?"

"ಹೌದು."

ಅಷ್ಟನ್ನು ಬರೆದುಕೊಂಡರು. ಮೇಷ್ಟ್ರ ಹಾಳೆಯನ್ನು ನನಗೆ ವಾಪಸ್ ಕೊಟ್ಟರು.

ಶನಿವಾರ ಏಳನೇ ಮನೆಯ ಹೆಂಚು ಇಳಿಸಿದರು. ನನ್ನ ಕೆಲಸವೂ ಹೋಯಿತು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನಗೆ ಮಲಗಲು ಮನೆಯಿದೆ. ಮೂಡಿಗೆರೆಯಲ್ಲಿ ಒಂದು ಹಾಜರಿ ಪುಸ್ತಕ ಕೊಂಡುಕೊಂಡು ಲೈನಿಗೆ ಹೋದೆ. ಹೆಂಗಸರು ಎಂಟನೇ ಮನೆಯ ಜಗಲಿಯಲ್ಲಿ ಕೂತಿದ್ದರು. ಆ ಮನೆ ಅಂಜನಮ್ಮನದು. ಅಣ್ಣಮ್ಮನ ಪಾತ್ರೆಗಳು ಅಂಗಳದಲ್ಲಿದ್ದವು.

"ಬಂದ್ಲಪ್ಪ ಕಂಪ್ಯೂಟ್ರಮ್ಮ. ನಮ್ದೂ ಅಳಿಸೋಕೆ ಬಂದ್ಯಾ?" ಅಂದಳು ಅಂಜನಮ್ಮ.

ನಾನು ಪುಸ್ತಕ ಬಿಚ್ಚಿದೆ. "ಯಾವ ವರ್ಷ, ಯಾವ ಬ್ಲಾಕು, ಜೊತೆಗೆ ಯಾರಿದ್ರು, ಎಲ್ಲ ಹೇಳಿ. ಒಬ್ಬೊಬ್ಬರದಕ್ಕೆ ಉಳಿದವರು ಸಾಕ್ಷಿ ಹೆಬ್ಬೆಟ್ಟು ಹಾಕಿ. ಮೇಲಿನ ಕಚೇರಿಗೆ ಹೋಗೋಣ."

ಆಮೇಲೆ ಅಂಜನಮ್ಮನೇ ಶುರು ಮಾಡಿದಳು. ಅವಳು ತಪ್ಪಿದ ಕಡೆ ಇನ್ನೊಬ್ಬಳು ತಿದ್ದಿದಳು. ಎಲ್ಲರ ಬಾಯಿಗೂ ಮಾತು ಬಂತು. ನನ್ನ ಕೈ ಸೋಲುವವರೆಗೂ ಬರೆದೆ.

ಕೊನೆಗೆ ಅಣ್ಣಮ್ಮ ಬಂದಳು. ಶಾಯಿಯಲ್ಲಿ ಬೆರಳು ಅದ್ದಿ ನನ್ನ ಮುಖ ನೋಡಿದಳು.

"ಇದನ್ನೂ ಸುಡ್ತೀಯೇನೆ?"

ಅವಳು ಹೆಬ್ಬೆಟ್ಟು ಒತ್ತಿದಳು. ಶಾಯಿ ಒಣಗುವವರೆಗೆ ಊದಿದಳು. ಪುಸ್ತಕ ಮುಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತನ್ನ ಬಟ್ಟೆಗಂಟಿನ ಒಳಗೆ ಇಟ್ಟು ಗಂಟು ಬಿಗಿದಳು.

"ಇದು ನನ್ನತ್ರ ಇರ್ಲಿ. ಬರಿಯೋದಿದ್ರೆ ನೀನೇ ಇಲ್ಲಿಗೆ ಬಾ."