ಬಿಡ್ತು ಅನ್ನಬಾರದ ಮಾತು

ಬಸಲಿಂಗಮ್ಮ ದೊಡ್ಡವ್ವ ಕಣ್ಣಾಸ್ಪತ್ರೆಗೆಂದು ಮಗನಿಗೆ ಸುಳ್ಳು ಹೇಳಿ, ಆಲೂರಿನಿಂದ ಆದೋನಿಯ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದಳು. ಆಕೆಯ ಮಗಳು ಮಹಾಲಕ್ಷ್ಮಿ ನನ್ನ ಗೆಳತಿ. ಜಾತಿ ಮೀರಿ ಬಾಲರಾಜನನ್ನು ಮದುವೆಯಾದಳು. ಅವಳ ಅಣ್ಣ ಸೋಮೇಶ್ ಕೊಡಲಿ ಹಿಡಿದು ಇಬ್ಬರನ್ನೂ ಊರಿಂದೂರಿಗೆ ಅಟ್ಟಿದ. ಹೈದರಾಬಾದಿಗೆ ಹೋದರೂ ಬೆನ್ನು ಬಿಡಲಿಲ್ಲ. ಈಗ ಅವರು ಕೆನಡಾದಲ್ಲಿ ಆಶ್ರಯ ಕೇಳಿದ್ದಾರೆ. ವಾಪಸ್ ಕಳಿಸಿದರೆ ಜೀವ ಉಳಿಯುವುದಿಲ್ಲವೆಂದು ಹೆತ್ತವಳೇ ಫೋನಿನಲ್ಲಿ ಸಾಕ್ಷಿ ಹೇಳಬೇಕು.

ವಿಚಾರಣೆಯ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಪ್ರತಿ ಸಲವೂ ಹೊಸ ಸುಳ್ಳು, ಅದೇ ಕಿಕ್ಕಿರಿದ ಬಸ್ಸು. ದೊಡ್ಡವ್ವ ಸೋತುಹೋಗಿದ್ದಳು. ನಿಜ ಹೇಳಬೇಕೆಂದರೆ ನನಗೂ ಸಾಕುಸಾಕಾಗಿತ್ತು.

ಆ ದಿನ ಕೊನೆಗೂ ಫೋನು ಬಂತು. ಅವರಿಗೆ ಬೆಳಗು, ನಮಗೆ ದೀಪ ಹಚ್ಚುವ ಹೊತ್ತು. ಕೆಟ್ಟದ್ದು ಆಡಿದರೆ ಅಸ್ತು ದೇವತೆಗಳು ಅಸ್ತು ಅನ್ನುವ ಹೊತ್ತು. ಅಲ್ಲಿಯ ಅಧಿಕಾರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು!

ದುಭಾಷಿ ಹೆಂಗಸು ಪುಸ್ತಕದ ಕನ್ನಡದಲ್ಲಿ ಕೇಳಿದಳು: "ಅಮ್ಮ, ನಿಮ್ಮ ಮಗಳು ಊರಿಗೆ ಮರಳಿದರೆ ಏನಾಗುತ್ತದೆ?"

"ನನ್ನ ಮಗ ಆಕಿನ್ನ ಕಡೀತಾನ್ರೀ... ಬಿಡ್ತು, ಬಿಡ್ತು," ಎಂದು ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ದುಭಾಷಿ ಅದನ್ನು ಇಂಗ್ಲಿಷಿಗೆ ತಂದದ್ದು ನನಗೂ ತಿಳಿಯಿತು: ಕಡಿಯುತ್ತೇನೆ ಅನ್ನುತ್ತಿದ್ದ, ಈಗ ಬಿಟ್ಟಿದ್ದಾನೆ. ಪಾಪ, ಅಲ್ಲೇ ಹುಟ್ಟಿ ಬೆಳೆದವಳಂತೆ. ಅಪಶಕುನ ನುಡಿದಾಗ ಗದರಿಸಿ "ಬಿಡ್ತು ಅನ್ನು" ಎನ್ನುವ ಅಜ್ಜಿ ಆಕೆಯ ಮನೆಯಲ್ಲಿ ಇರಲಿಲ್ಲವೇನೋ. ಹಾಗಾದರೆ ಈಗ ಭಯವಿಲ್ಲವೇ ಎಂದು ಅಧಿಕಾರಿ ಕೇಳಿದ.

"ಅವ್ವಾ!" ಮಹಾಲಕ್ಷ್ಮಿ ಅತ್ತ ಕಡೆಯಿಂದ ಚೀರಿದಳು. "ಬಿಡ್ತು ಅನಬ್ಯಾಡವ್ವಾ! ಅಣ್ಣ ಸಿಟ್ಟು ಬಿಟ್ಟಾನ ಅಂತ ತಿಳ್ಕಂಡ್ರು!"

ನಡುವೆ ಬಾಯಿ ಹಾಕಬೇಡವೆಂದು ಅಧಿಕಾರಿ ಅವಳನ್ನು ತಡೆದ. ಇನ್ನೊಮ್ಮೆ ಹೇಳಿ ಎಂದಳು ದುಭಾಷಿ.

ದೊಡ್ಡವ್ವ ನನ್ನ ಮುಖ ನೋಡಿದಳು. "ಹೆತ್ತ ಬಾಯೀಲೆ ಬಿಡ್ತು ಅನ್ನದ ಬರೇ ಅಷ್ಟ ಹೆಂಗ ಅನ್ಲಿ ಜ್ಯೋತಿ? ನಿಜ ಆಗಿಬಿಟ್ರ?"

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. "ಪರ್ವಾಗಿಲ್ಲ, ಅನ್ನು ದೊಡ್ಡವ್ವ. ಅನ್ನಲಿಲ್ಲಂದ್ರನ ನಿಜ ಆಗ್ತೈತಿ."

ಆಕೆ ಫೋನಿಗೆ ಬಾಗಿದಳು. "ಸೋಮೇಶ ನನ್ನ ಮಗ. ಆಂವ ಆಕಿನ್ನ ಕೊಲ್ತಾನ. ಸಿಟ್ಟು ಬಿಟ್ಟಿಲ್ಲ, ಬಿಡಂಗಿಲ್ಲ."

ಬಿಡ್ತು ಅನ್ನದಂತೆ ತುಟಿ ಕಚ್ಚಿಕೊಂಡಳು. ಈ ಸಲ ಮಾತು ಸರಿಯಾಗಿ ತಲುಪಿತು. ಬೇರೇನಾದರೂ ಹೇಳುವುದಿದೆಯೇ ಎಂದು ಅಧಿಕಾರಿ ದುಭಾಷಿಯಿಂದ ಕೇಳಿಸಿದ.

"ಐತ್ರೀ," ಎಂದಳು ದೊಡ್ಡವ್ವ. "ನಾ ಸತ್ತೀನಿ ಅಂತ ಸುದ್ದಿ ಬಂದ್ರೂ, ಅವ್ವನ ಮಣ್ಣಿಗಿ ಹೋಗ್ತೀನಿ ಅಂತ ಆಕಿ ಎಷ್ಟು ಅತ್ರೂ, ನನ್ನ ಮಗಳ್ನ ನನ್ನ ಕಡಿಗಿ ಕಳಿಸಬ್ಯಾಡ್ರಿ."