ಒಂಬತ್ತು ಗಂಟೆಯ ಗುಂಪು

"ತಲೆ ಕಡೆ ಇನ್ನೂ ಸ್ವಲ್ಪ ಎತ್ತಿ! ಗೋಡೆಗೆ ತಾಗುತ್ತೆ!"

ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಸತ್ತವನ ತಮ್ಮ ಕ್ಷೌರದಂಗಡಿಯವನು. ಅವನೇ ಮುಂದೆ ನಿಂತು ಹೇಳಿಕೊಡುತ್ತಿದ್ದ. ಹೊತ್ತ ನಾಲ್ವರು ಪೆಟ್ಟಿಗೆಯನ್ನು ಓರೆ ಮಾಡಿ, ಉಸಿರು ಬಿಗಿಹಿಡಿದು ಕೆಳಗಿಳಿಸಿದರು. ಹಿಂದೆ ಸತ್ತವನ ಹೆಂಡತಿ ಗೋಡೆ ಹಿಡಿದುಕೊಂಡು ಇಳಿದಳು.

ಬೀದಿಬಾಗಿಲಲ್ಲಿ ಏಳು ಜನ ಅಪರಿಚಿತರು ನಿಂತಿದ್ದರು. ತಲೆಗೆ ಟೋಪಿ, ಹೆಗಲಿಗೆ ನೀರಿನ ಬಾಟಲಿ. ಮುಂದಿದ್ದ ಕನ್ನಡಕದ ಹೆಂಗಸು, "ಗೈಡ್ ಮನೆ ಇದೇ ಅಲ್ವಾ? ಒಂಬತ್ತು ಗಂಟೆಗೆ ಬನ್ನಿ ಅಂದಿದ್ರು..." ಎನ್ನುತ್ತಿದ್ದವಳು ಪೆಟ್ಟಿಗೆ ಕಂಡು ಬಾಯಿಗೆ ಕೈ ಅಡ್ಡ ಹಿಡಿದಳು.

"ಅಣ್ಣ ನಿನ್ನೆ ಬೆಳಗ್ಗೆ ಹೋಗ್ಬಿಟ್ಟ," ಎಂದ ತಮ್ಮ. "ಕ್ಷಮಿಸಿ, ಹೇಳಿಕಳಿಸೋಕೆ ಆಗ್ಲಿಲ್ಲ. ನೀವು ಹೊರಡಿ."

"ಎಲ್ಲಿಂದ ಬಂದ್ರಿ?" ಎಂದು ಹೆಂಡತಿ ಕೇಳಿದಳು.

"ರೈಲಲ್ಲಿ ಆರು ಗಂಟೆ ದಾರಿ, ಅಮ್ಮ. ಪರವಾಗಿಲ್ಲ, ನಾವು..."

"ವ್ಯಾನ್ ಬೇಡ," ಎಂದು ಅವಳು ಮೈದುನನ ಕಡೆ ತಿರುಗಿದಳು. "ಹಳೇ ಬೀದೀಲಿ, ನದಿ ಪಕ್ಕದಲ್ಲೇ, ನಿಮ್ಮಣ್ಣ ಊರು ತೋರಿಸ್ತಿದ್ದ ದಾರೀಲೇ ನಡೆದು ಹೋಗೋಣ. ಇವರೂ ಬರಲಿ."

"ಅತ್ತಿಗೆ, ಸ್ಮಶಾನಕ್ಕೆ ವ್ಯಾನಲ್ಲಿ ಹತ್ತು ನಿಮಿಷ. ನಡೆದ್ರೆ ಒಂದು ಗಂಟೆ. ಜನ ಏನಂತಾರೆ?"

"ನಿಮ್ಮಣ್ಣ ಒಪ್ಪಿಕೊಂಡ ಕೆಲಸ ಕಣಪ್ಪ. ಒಪ್ಪಿಕೊಂಡು ಕೈಕೊಟ್ಟೋರಲ್ಲ."

*

ಇಪ್ಪತ್ತೆರಡು ವರ್ಷ ಅವಳ ಗಂಡ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿದುಕೊಟ್ಟಿದ್ದ. ಹೊಸ ಸೇತುವೆಯಾಗಿ ದೋಣಿ ನಿಂತಾಗ ಅವನಿಗೆ ನಲವತ್ತಾರು. ಬೇರೆ ಕೆಲಸ ಗೊತ್ತಿರಲಿಲ್ಲ. ಹೆಂಡತಿಯ ಇಸ್ತ್ರಿ ಅಂಗಡಿಯಲ್ಲಿ ಮೂರು ಅಂಗಿ ಸುಟ್ಟ ಮೇಲೆ, ಊರು ನೋಡಲು ಬರುವವರಿಗೆ ದಾರಿ ತೋರಿಸುತ್ತೇನೆಂದು ಹೊರಟ.

ಮೊದಲ ಗುಂಪಿಗೆ ನದಿದಂಡೆಯ ಕಲ್ಲಿನ ತೊಟ್ಟಿಗಳನ್ನು ತೋರಿಸಿ, "ಇದು ರಾಣಿಯರ ಸ್ನಾನಗೃಹ," ಎಂದುಬಿಟ್ಟ. ಗುಂಪಿನಲ್ಲಿದ್ದ ಮುದುಕನೊಬ್ಬ ಮೂಸಿ ನೋಡಿ ನಕ್ಕ. "ಇದು ಚರ್ಮ ಹದ ಮಾಡ್ತಿದ್ದ ತೊಟ್ಟಿ ಕಣಯ್ಯಾ. ನಿಮ್ಮ ರಾಣಿಗೆ ಮೂಗು ಇರಲಿಲ್ವಾ?" ಎಲ್ಲರೂ ಬಿದ್ದುಬಿದ್ದು ನಕ್ಕರು.

ಮನೆಗೆ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿದ. ಊಟಕ್ಕೂ ಏಳಲಿಲ್ಲ.

"ಗೊತ್ತಿಲ್ಲ ಅಂದ್ರೆ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ. "ಗೊತ್ತಿರೋರನ್ನ ಕೇಳಿ. ಊರಲ್ಲಿ ಅಷ್ಟೊಂದು ಮುದುಕರು ಇದಾರೆ, ಮಾತಾಡ್ಸೋರಿಲ್ದೆ ಕೂತಿದಾರೆ."

ಮಾರನೆಯ ದಿನದಿಂದ ಅವನು ಮನೆಮನೆ ತಿರುಗಿ ಕೇಳತೊಡಗಿದ. ಹಿಂದೆಂದೂ ಅಷ್ಟು ಮಾತಾಡಿದವನಲ್ಲ.

*

ಸುಂಕದ ಮನೆಯ ಮುಂದೆ ಪೆಟ್ಟಿಗೆ ಇಳಿಸಿ ಹೆಗಲು ಬದಲಿಸುವಾಗ ಎದುರಿನ ಟೈಲರ್ ಟೇಪು ಕೊರಳಲ್ಲಿ ಹಾಕಿಕೊಂಡೇ ಹೊರಬಂದ. ಟೋಪಿಯವರನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದವನು ಗಂಟಲು ಸರಿಮಾಡಿಕೊಂಡ.

"ಆ ಕಿಟಕಿ ಕಟ್ಟೆ ನೋಡಿ. ಎರಡು ಗುಳಿ ಇದೆಯಲ್ಲ, ಗುಮಾಸ್ತರು ಮೊಣಕೈ ಊರಿ ಊರಿ ಆಗಿದ್ದು. ನಮ್ಮಜ್ಜಿ ಹೇಳಿದ್ದನ್ನ ಇವರು ಎಲ್ಲರಿಗೂ ಹೇಳೋರು. ನಮ್ಮಜ್ಜಿ ಹೆಸರು ಹಿಡಿದೇ ಹೇಳೋರು."

ಮುರಿದ ಕಾವಲು ಗೋಪುರದ ಹತ್ತಿರ ಬೇಕರಿಯವನು ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಬಂದ. "ಇದನ್ನ ಕಟ್ಟಿದ್ದು ಯಾರು ಅಂದ್ರೆ ಇವರು ಗೊತ್ತಿಲ್ಲ ಅನ್ನೋರು. ಕೆಡವಿದ್ದು ಮಾತ್ರ ಗೊತ್ತು, ನಮ್ಮ ತಾತ. ಒಲೆಗೆ ಕಲ್ಲು ಬೇಕಿತ್ತಂತೆ!" ನಕ್ಕವನ ಕಣ್ಣು ತುಂಬಿತು. ಪೆಟ್ಟಿಗೆಗೆ ಹೆಗಲು ಕೊಟ್ಟು ಅವನೂ ನಡೆದ.

ಕನ್ನಡಕದ ಹೆಂಗಸು ಮೆಲ್ಲಗೆ ಕೇಳಿದಳು, "ನಿಮಗೆ ಇದೆಲ್ಲಾ ಬಾಯಿಪಾಠ ಆಗಿರಬೇಕಲ್ವಾ ಅಮ್ಮ?"

"ಇಲ್ಲ," ಎಂದಳು ಅವಳು. "ಇವತ್ತೇ ಕೇಳ್ತಿರೋದು."

*

"ಇವತ್ತಾದ್ರೂ ಬಾರೇ," ಎಂದು ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕರೆಯುತ್ತಿದ್ದ.

"ನಾನು ಹುಟ್ಟಿದ ಊರನ್ನ ನನಗೇನು ತೋರಿಸ್ತೀರ? ನಲವತ್ತು ಬಟ್ಟೆ ಬಿದ್ದಿದೆ."

"ಕೊನೇ ಜಾಗಕ್ಕಾದ್ರೂ ಬಾ."

"ಮುಂದಿನ ವಾರ ನೋಡೋಣ."

ಆ ಮುಂದಿನ ವಾರ ಹದಿನಾರು ವರ್ಷ ಎಳೆಯಿತು.

*

ಕೊನೆಯ ಜಾಗ ದೋಣಿಕಟ್ಟೆ. ಟಿಕೆಟ್ ಕೊಡುತ್ತಿದ್ದ ಹಲಗೆಯ ಗೂಡು ಒಂದು ಕಡೆ ವಾಲಿತ್ತು. ದೋಣಿ ನಡೆಸುತ್ತಿದ್ದ ಮುದುಕ ಅಲ್ಲೇ ಕೋಲೂರಿ ಕಾದಿದ್ದ.

"ಇಲ್ಲಿ ಏನು ಹೇಳೋರು?" ಎಂದು ಗುಂಪಿನವರು ಕೇಳಿದರು.

ಮುದುಕ ಅವಳ ಮುಖ ನೋಡಿ ಅನುಮಾನಿಸಿದ. "ಹೇಳ್ಲೇನಮ್ಮಾ?"

"ಹೇಳಿ."

"ಇದು ಊರಲ್ಲೇ ದೊಡ್ಡ ಐತಿಹಾಸಿಕ ಸ್ಥಳ ಅನ್ನೋನು. ಆಚೆ ದಡದ ಮಿಲ್ಲಿಗೆ ಸಂಜೆ ಪಾಳಿಗೆ ಹೋಗೋ ಹುಡುಗಿ ಒಬ್ಬಳು ಓಡಿ ಬಂದಳಂತೆ. ಇವನು ಎರಡು ನಿಮಿಷ ಮುಂಚೆ ಕಿಟಕಿ ಹಾಕಿಬಿಟ್ಟಿದ್ದ. ದೋಣಿ ಹೋಯ್ತು. ಅವಳು ಕಿಟಕಿ ಬಡಿದು ಬಡಿದು ಬೈದಳಂತೆ. 'ಅವತ್ತು ಶುರುವಾದ ಬೈಗುಳ ಇನ್ನೂ ಮುಗಿದಿಲ್ಲ, ದೇವರ ದಯೆ, ಮುಗಿಯೋದೂ ಬೇಡ' ಅಂತಿದ್ದ."

ಮೈದುನ ನೆಲ ನೋಡಿದ. ಅವಳು ಗೂಡಿನ ಕಡೆ ತಿರುಗಿದಳು. ಅಳು ಬರುತ್ತದೆಂದು ಕನ್ನಡಕದ ಹೆಂಗಸು ಕೈ ಚಾಚಿದಳು.

"ಎರಡು ನಿಮಿಷ ಅಂತೆ!" ಎಂದಳು ಹೆಂಡತಿ. "ಸುಳ್ಳು. ಐದು ನಿಮಿಷ. ಗಡಿಯಾರ ಎದುರಿಗೇ ಇತ್ತು. ಬನ್ನಿ ಇಲ್ಲಿ, ತೋರಿಸ್ತೀನಿ, ಎಲ್ಲಿಂದ ಕಾಣ್ತಿತ್ತು ಅಂತ."

ಟೋಪಿಯವರು ಏಳೂ ಜನ ಅವಳ ಹಿಂದೆ ಕಟ್ಟೆಯ ಮೆಟ್ಟಿಲಿಳಿದರು. ಅವಳು ಕೈ ಎತ್ತಿ ತೋರಿಸುತ್ತಾ ಹೇಳುತ್ತಲೇ ಇದ್ದಳು. ಮೇಲೆ, ಬಿಸಿಲಲ್ಲಿ, ಪೆಟ್ಟಿಗೆ ಹೊತ್ತವರು ಒಂದು ಹೆಗಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿಕೊಂಡು ನಿಂತರು. ಹೊರಡೋಣವೆಂದು ಯಾರೂ ಅನ್ನಲಿಲ್ಲ.